ಕುನ್ನಿಯ ತುರಿಕೆ ಬಿಡಿಸಿದ ವರ್ಷ

ಮಿರಜ್ ಹತ್ತಿರದ ಖಂಡೇರಾಜುರಿಯಲ್ಲಿ ನಮಗೆ ಒಂದಿಷ್ಟು ಹೊಲವಿದೆ. ಬಿತ್ತನೆಗೆ ಮುಂಚೆ ಅಲ್ಲಿ ಕುರಿ ನಿಲ್ಲಿಸುವುದು ಮಾವನವರ ಕಾಲದಿಂದ ಬಂದ ರೂಢಿ. ಹಿಂಡು ಕೆಲವು ರಾತ್ರಿ ಹೊಲದಲ್ಲಿ ತಂಗಿತೆಂದರೆ ಆ ನೆಲಕ್ಕೆ ಬೇರೆ ಗೊಬ್ಬರ ಬೇಕಾಗುವುದಿಲ್ಲ. ಒಂದು ಬೇಸಿಗೆಯಲ್ಲಿ ಹಾಗೆ ಬಂದಿದ್ದ ಕುರುಬರ ಗಂಡ ಹೆಂಡತಿ ಮುಂದಿನ ಊರಿಗೆ ಹೊರಡುವ ಹೊತ್ತಿಗೆ ಅವರ ಹೆಣ್ಣುನಾಯಿಗೆ ಮೋಟರ್‌ಸೈಕಲ್ ತಾಗಿ ಮುಂಗಾಲು ಬಾತುಕೊಂಡಿತ್ತು. ಹಿಂಡಿನ ಜೊತೆ ನಡೆಯುವುದು ಅದರಿಂದ ಸಾಧ್ಯವಿರಲಿಲ್ಲ.

"ಅಕ್ಕಾರ, ನೀವ ಇಟ್ಕೋರಿ ಇದನ್ನ. ಭಾಳ ಶಾಣ್ಯಾ ಐತಿ. ರೊಟ್ಟಿ ಹಾಕಿದ್ರ ಸಾಕು," ಎಂದು ಆ ಹೆಂಗಸು ಹಗ್ಗವನ್ನು ನನ್ನ ಕೈಗೆ ಕೊಟ್ಟಳು. ನಾಯಿ ಅವಳು ಹೋದ ದಾರಿಯನ್ನೇ ನೋಡುತ್ತ ನಿಂತಿತ್ತು. ನನ್ನ ಗಂಡನಿಗೆ ಗೋದಾಮಿನ ಕಾವಲಿಗೊಂದು ನಾಯಿ ಬೇಕೇ ಇತ್ತು. ಟೆಂಪೋದಲ್ಲಿ ಹಾಕಿಕೊಂಡು ಸಾಂಗ್ಲಿಗೆ ಬಂದೆವು.

ನಮ್ಮದು ಅರಿಷಿಣದ ಅಡತಿ ಅಂಗಡಿ, ರೈತರ ಮಾಲು ತೂಗಿ ಮಾರಿಕೊಡುವುದು. ಮುಂದೆ ಮನೆ, ನಡುವೆ ಅಂಗಳ, ಹಿಂದೆ ಗೋದಾಮು. ಮನೆಯಲ್ಲಿ ನಾನು, ನನ್ನ ಗಂಡ, ನನ್ನ ಅತ್ತೆ. ನಾನು ಅಥಣಿ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದು ಮರಾಠಿ ಕಲಿತೆ, ಅರಿಷಿಣದ ಘಾಟಿಗೆ ಮೂಗು ಒಗ್ಗಿಸಿಕೊಂಡೆ. ಅತ್ತೆಗೆ ಎಪ್ಪತ್ತು ದಾಟಿದೆ. ಬೆಳಿಗ್ಗೆ ಲಿಂಗಪೂಜೆ ಮುಗಿಯುವ ತನಕ ಬಾಯಿಗೆ ನೀರು ಹಾಕದವರು. ನಾಯಿಯನ್ನು ನೋಡಿ ಅವರು ಅಂದದ್ದು ಇಷ್ಟೇ: "ಕುನ್ನಿ ಅಂಗಳದಾಗ ಇರಲಿ. ಹೊಸ್ತಿಲಾ ದಾಟಬಾರದು." ಅವರು ಕುನ್ನಿ ಎಂದದ್ದೇ ಅದಕ್ಕೆ ಹೆಸರಾಯಿತು. ಮೈ ಸಣ್ಣ, ಕಾಲು ಉದ್ದ, ಮಾಸಿದ ಗೋಣಿಚೀಲದ ಬಣ್ಣ. ಕಾಲಿನ ಬಾವು ಇಳಿದ ಮೇಲೆ ಅದು ಅಂಗಳದಲ್ಲಿ ಓಡುವುದನ್ನು ನೋಡಲು ಹಮಾಲರು ಚೀಲ ಇಳಿಸುವುದನ್ನು ಬಿಟ್ಟು ನಿಲ್ಲುತ್ತಿದ್ದರು.

ತುರಿಕೆ ಶುರುವಾದದ್ದು ಮಳೆಗಾಲ ಮುಗಿದ ಮೇಲೆ. ಮೊದಮೊದಲು ಕಿವಿ ಕೆರೆದುಕೊಳ್ಳುತ್ತಿತ್ತು. ನಾಯಿ ಎಂದ ಮೇಲೆ ಕೆರೆದುಕೊಳ್ಳದೆ ಇರುತ್ತದೆಯೇ ಎಂದು ಬಿಟ್ಟೆ. ಆಮೇಲೆ ಮೊಳಕೈ, ಹಿಮ್ಮಡಿ, ಹೊಟ್ಟೆ. ಕೂದಲು ಉದುರಿ ಕಿವಿಯ ಅಂಚು ಬೋಳಾಯಿತು, ಚರ್ಮದ ಮೇಲೆ ಹೊಟ್ಟು ಕಟ್ಟಿತು. ಊಟದ ನಡುವೆ ತಾಟು ಬಿಟ್ಟು ಕೂತು ಕೆರೆಯುತ್ತಿತ್ತು. ನಿದ್ದೆ ಹತ್ತುವಷ್ಟರಲ್ಲಿ ಬೆಚ್ಚಿ ಎದ್ದು ತನ್ನ ತೊಡೆಯನ್ನು ತಾನೇ ಕಚ್ಚುತ್ತಿತ್ತು.

ಬೇವಿನ ಎಲೆ ಕುದಿಸಿದ ನೀರಿನಲ್ಲಿ ಮೀಯಿಸಿದೆ. ಕಡಿಮೆಯಾಗಲಿಲ್ಲ. ಅರಿಷಿಣಕ್ಕೆ ನಮ್ಮಲ್ಲಿ ಬರವೇ? ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮೈತುಂಬ ಹಚ್ಚಿದೆ. ಕುನ್ನಿ ಹಳದಿಯಾಗಿ ಅಂಗಳದಲ್ಲಿ ನಿಂತಿತು, ಗೋಡೆಗೆ ಮೈ ಉಜ್ಜಿದಲ್ಲೆಲ್ಲ ಹಳದಿ ಪಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಅರಿಷಿಣಾ ಹಚ್ಚಿದಿ, ಇನ್ನ ಅಕ್ಕಿಕಾಳೂ ಹಾಕಿಬಿಡು, ಮದಿವಿ ಆದಂಗ ಆಗತೈತಿ," ಅಂದರು. ನಗು ಬಂತು. ಆದರೆ ತುರಿಕೆ ಹಾಗೇ ಇತ್ತು, ಎಣ್ಣೆಯ ಜಿಡ್ಡಿಗೆ ಧೂಳು ಕೂತು ಹುಣ್ಣು ಕೀವಾಗತೊಡಗಿತು.

ನನ್ನ ಗಂಡ ಸುಮ್ಮನಿರುವವರಲ್ಲ. ಯಾರೋ ಅವರಿಗೆ ಹೇಳಿದ್ದರು, ಗಾಡಿಯ ಸುಟ್ಟ ಆಯಿಲ್ ಹಚ್ಚಿದರೆ ಎಂಥ ಕಜ್ಜಿಯೂ ಹೋಗುತ್ತದೆ ಎಂದು. ನಾನು ಸಂತೆಗೆ ಹೋಗಿದ್ದಾಗ ಕುನ್ನಿಯನ್ನು ಪರಿಚಯದ ಗ್ಯಾರೇಜಿಗೆ ಒಯ್ದು ಬಳಿಸಿಕೊಂಡು ಬಂದಿದ್ದರು. ನಾನು ಬರುವಷ್ಟರಲ್ಲಿ ಅದು ಅಂಗಳದ ಮೂಲೆಯಲ್ಲಿ ಕಪ್ಪಗೆ ಮುದುಡಿ ಕೂತಿತ್ತು. ಮೈ ನೆಕ್ಕಿಕೊಂಡು ನೆಕ್ಕಿಕೊಂಡು ವಾಂತಿ ಮಾಡಿತ್ತು. ಹುಣ್ಣಿದ್ದಲ್ಲೆಲ್ಲ ಉರಿ ಹತ್ತಿ ನಡುಗುತ್ತಿತ್ತು.

"ಎಲ್ಲಾರೂ ಹಚ್ಚತಾರ," ಅಂದರು ನನ್ನ ಗಂಡ, ಮುಖ ಸಣ್ಣದು ಮಾಡಿಕೊಂಡು. "ನನಗೇನ ಗೊತ್ತು ಹಿಂಗ ಆಗತೈತಿ ಅಂತ?"

ಬಿಸಿನೀರು, ಕಡಲೆಹಿಟ್ಟು, ಸೋಪು ತೆಗೆದುಕೊಂಡು ಕೂತೆ. ಹಿಟ್ಟು ಹಚ್ಚಿ ಜಿಡ್ಡು ಹೀರಿಸುವುದು, ಮೆಲ್ಲಗೆ ತೊಳೆಯುವುದು, ಮತ್ತೆ ಹಿಟ್ಟು. ಅದು ಒಂದು ಸಲವೂ ಹಲ್ಲು ತೋರಿಸಲಿಲ್ಲ. ಕೈ ನೋವಿನ ಜಾಗಕ್ಕೆ ಹೋದಾಗ ಮಾತ್ರ ನನ್ನ ಮಣಿಕಟ್ಟನ್ನು ಬಾಯಲ್ಲಿ ಹಗುರಾಗಿ ಹಿಡಿದು ಬಿಡುತ್ತಿತ್ತು. ಕಪ್ಪು ನೀರು ಮೋರಿಗೆ ಹರಿದುಹೋಗುವುದನ್ನು ನೋಡುತ್ತ ಮನಸ್ಸು ಗಟ್ಟಿ ಮಾಡಿಕೊಂಡೆ. ಇನ್ನು ಮೇಲೆ ಅವರಿವರು ಹೇಳಿದ್ದು ಯಾವುದೂ ಇದರ ಮೈಗೆ ಬೀಳಬಾರದು. ಏನು ಆಗಿದೆ ಎಂದು ಗೊತ್ತಾಗುವ ತನಕ ಮದ್ದು ಇಲ್ಲ.

ಅಷ್ಟರಲ್ಲಿ ಇನ್ನೊಂದು ಆಯಿತು. ಅತ್ತೆಯ ಮುಂಗೈ ಮೇಲೆ, ಸೊಂಟದ ಸುತ್ತ ಕೆಂಪು ಗುಳ್ಳೆ ಎದ್ದವು. ಹೊಸ್ತಿಲು ದಾಟದ ನಾಯಿಯಿಂದ ಅವರಿಗೆ ಹೇಗೆ ಬಂತು ಎಂದು ಯೋಚಿಸಿದೆ. ಬಿಸಿಲು ಕಾಯಲು ಅವರು ಕೂರುತ್ತಿದ್ದ ಅಂಗಳದ ಗೋಣಿಚೀಲದ ಮೇಲೆ ಅವರು ಎದ್ದ ಮೇಲೆ ಕುನ್ನಿ ಮಲಗುತ್ತಿತ್ತು. ಎದುರುಮನೆಯ ಕಾಕಾ ಅದೇ ವಾರ ಬಂದರು. ನಿವೃತ್ತರಾದ ಮೇಲೆ ಗಲ್ಲಿಯ ಸ್ವಚ್ಛತೆಯನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡವರು. ಕುರ್ಚಿಯ ಮೇಲೂ ಕೂರದೆ ನಿಂತೇ ಮಾತಾಡಿದರು.

"ಗಲ್ಲಿಯಾಗ ಸಣ್ಣ ಪೋರಗೋಳು ಅದಾವು. ನಿಮ್ಮ ನಾಯಿ ರೋಗ ಇವತ್ತ ನಿಮ್ಮ ಅವ್ವಗ ಬಂತು, ನಾಳಿಗೆ ನಮಗ. ಏನರ ಬಂದೋಬಸ್ತ ಮಾಡ್ರಿ."

ಅವರು ಹೋದ ಮೇಲೆ ನನ್ನ ಗಂಡ ಬಹಳ ಹೊತ್ತು ಮೊಬೈಲ್ ತಿರುವುತ್ತ ಕೂತಿದ್ದರು. ಕೊನೆಗೆ, ನನ್ನ ಕಡೆ ನೋಡದೆ, "ಕುಪವಾಡ ಎಂಐಡಿಸಿಯಾಗ ಬಿಟ್ಟ ಬರ್ತೇನಿ," ಅಂದರು. "ಅಲ್ಲೆ ಕಾರಖಾನಿ ಮಂದಿ ಡಬ್ಬಿ ಊಟಾ ಹಾಕ್ತಾರ. ಬ್ಯಾರೆ ನಾಯಿಗೋಳೂ ಅದಾವು. ಬದಕತೈತಿ."

"ಈ ಮೈ ತುಗೊಂಡ ಬದಕತೈತೇನ್ರಿ ಅದು?"

"ಮತ್ತೇನ ಮಾಡೂನು? ಅವ್ವನ ಕೈ ನೋಡೀಯಿಲ್ಲ?"

"ನೋಡೇನಿ. ನಾಯಿ ಬಿಡೂದಿಲ್ಲರಿ. ತುರಕಿ ಬಿಡಸೂದು. ನಾಳಿಗೆ ಮಿರಜಿಗೆ ಹೋಗ್ತೇನಿ."

ನಾನು ಅವರ ಮಾತು ತೆಗೆದುಹಾಕುವುದು ಅಪರೂಪ. ಅವರು ತಲೆಯೆತ್ತಿ ನೋಡಿದರು. ಒಳಗಿನಿಂದ ಅತ್ತೆ, ಗುಳ್ಳೆ ಕೆರೆಯುತ್ತಲೇ, "ಹೋಗಿ ಬರ್ಲಿ ಬಿಡೋ," ಅಂದದ್ದು ಇಬ್ಬರಿಗೂ ಕೇಳಿಸಿತು.

ಮಿರಜಿನಲ್ಲಿ ಒಬ್ಬ ಪಶುವೈದ್ಯೆ ಇದ್ದಾರೆಂದು ಅಂಗಡಿಗೆ ಬರುವ ರೈತರೊಬ್ಬರು ಹೇಳಿದ್ದರು. ಮರುದಿನ ಬೆಳಿಗ್ಗೆ ರಿಕ್ಷಾ ನಿಲ್ಲಿಸಿದೆ. ಕುನ್ನಿಯ ಮೈ ನೋಡಿ ಒಬ್ಬ ಮುಂದೆ ಹೋದ, ಇನ್ನೊಬ್ಬ, ಸೀಟಿಗೆ ನಾನೇ ಪ್ಲಾಸ್ಟಿಕ್ ಹಾಸುತ್ತೇನೆ ಅಂದರೂ, ಒಪ್ಪಲಿಲ್ಲ. ಮನೆಗೆ ವಾಪಸ್ ಹೋಗಿ ಸ್ಕೂಟರ್ ತೆಗೆದೆ. ಕಾಲಿಡುವ ಜಾಗದಲ್ಲಿ ಹಳೆಯ ಚಾದರ ಹಾಸಿ ಅದನ್ನು ನಿಲ್ಲಿಸಿ, ಎರಡು ಮೊಣಕಾಲಿನ ನಡುವೆ ಹಿಡಿದುಕೊಂಡು ಹೊರಟೆ. ಸಾಂಗ್ಲಿ-ಮಿರಜ್ ರಸ್ತೆಯಲ್ಲಿ ಆ ಹೊತ್ತಿಗೆ ಬಸ್ಸು, ಶಾಲೆಯ ವ್ಯಾನು, ದವಾಖಾನೆಗೆ ಹೋಗುವ ಮಂದಿ. ಸಿಗ್ನಲಿನಲ್ಲಿ ಜನ ನಮ್ಮಿಂದ ಗಾಡಿ ಸರಿಸಿ ನಿಲ್ಲಿಸುತ್ತಿದ್ದರು. ನಾನು ಯಾರ ಮುಖವನ್ನೂ ನೋಡದೆ ಮುಂದಿನ ಗಾಡಿಯ ನಂಬರ್ ಪ್ಲೇಟನ್ನೇ ನೋಡುತ್ತಿದ್ದೆ.

ಡಾಕ್ಟರಿಗೆ ಮೂವತ್ತರ ಆಸುಪಾಸು. ನಾನು ಮರಾಠಿಯಲ್ಲಿ ಶುರುಮಾಡಿದರೂ ನಾಯಿಗೆ ಕನ್ನಡದಲ್ಲಿ ಗದರಿಸುವುದನ್ನು ಕೇಳಿ ನಕ್ಕರು. "ಕಾಕೂ, ನಮ್ಮ ಅಜ್ಜಿ ಕನ್ನಡ. ನನಗ ಸಮಜತೈತಿ, ಮಾತಾಡೂದು ಅರ್ಧಾ ಅರ್ಧಾ," ಅಂದರು. ಆಮೇಲೆ ನಮ್ಮ ಮಾತುಕತೆಯೆಲ್ಲ ಹಾಗೇ, ಅರ್ಧ ಅದು ಅರ್ಧ ಇದು.

ಅವರು ಮೊದಲು ಮಾಡಿದ್ದು ಒಂದು ಚಿಕ್ಕ ಕೆಲಸ. ಕುನ್ನಿಯ ಕಿವಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರು. ತಕ್ಷಣ ಅದರ ಹಿಂಗಾಲು ತನ್ನಷ್ಟಕ್ಕೆ ಗಾಳಿಯಲ್ಲಿ ಕೆರೆಯತೊಡಗಿತು. "ಹಾಂ," ಅಂದರು ಡಾಕ್ಟರು. ಮನೆಯಲ್ಲಿ ಯಾರಿಗಾದರೂ ತುರಿಕೆ ಇದೆಯೇ ಎಂದು ಕೇಳಿದರು. ಅತ್ತೆಯ ಕೈಯ ವಿಷಯ ಹೇಳಿದೆ. ಆಮೇಲೆ ಬ್ಲೇಡಿಗೆ ಎಣ್ಣೆ ಸವರಿ ಮೊಳಕೈಯ ಹೊಟ್ಟನ್ನು ರಕ್ತ ಜಿನುಗುವ ತನಕ ಕೆರೆದರು. ಗಾಜಿನ ಪಟ್ಟಿಯ ಮೇಲೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಏನೂ ಇಲ್ಲ. ಹಿಮ್ಮಡಿಯಿಂದ ತೆಗೆದರು. ಅಲ್ಲೂ ಇಲ್ಲ. ಬಂದದ್ದು ವ್ಯರ್ಥವಾಯಿತೆಂದು ನನಗೆ ಅನಿಸಿತು. ಅವರು ಮಾತ್ರ ಬೇಸರವಿಲ್ಲದೆ ಕಿವಿಯ ಅಂಚಿನಿಂದ ಮತ್ತೊಮ್ಮೆ ತೆಗೆದರು, ಬಹಳ ಹೊತ್ತು ಕಣ್ಣಿಟ್ಟು ನೋಡಿದರು, ನನ್ನನ್ನು ಕರೆದರು.

ಒಂದು ಕಣ್ಣು ಮುಚ್ಚಿ ನೋಡಿದೆ. ಗುಂಡಗಿನ, ಪಾರದರ್ಶಕವಾದ ಒಂದು ಜೀವ, ಮೋಟುಕಾಲುಗಳನ್ನು ಆಡಿಸುತ್ತಿತ್ತು. ಇಷ್ಟು ತಿಂಗಳು ನಾವು ಬೇವು, ಅರಿಷಿಣ, ಆಯಿಲ್ ಎಂದು ಹೊಡೆದಾಡಿದ್ದು ಇದರ ಜೊತೆ, ಮುಖವನ್ನೇ ನೋಡದೆ.

"ಖರೂಜ," ಅಂದರು ಡಾಕ್ಟರು. ನಮ್ಮ ಕಜ್ಜಿಯೇ. "ಈ ಕಿಡಾ ಚರ್ಮದ ಒಳಗ ಸುರಂಗ ತೋಡಿ ತತ್ತಿ ಹಾಕತೈತಿ. ಮ್ಯಾಲೆ ಎಣ್ಣಿ ಹಚ್ಚಿದ್ರ ಅದಕ್ಕ ಕಾಯ ಹೋತಂಯ, ಏನ ಆಗತೈತಿ? ಮನಶಾರಿಗೂ ಹತ್ತತೈತಿ, ಆದ್ರ ನಮ್ಮ ಮೈಯಾಗ ಭಾಳ ದಿವಸ ಉಳಿಯಂಗಿಲ್ಲ. ನಾಯಿಗೆ ಗುಣಾ ಆತಂದ್ರ ಅಜ್ಜೀದೂ ಹೋಗತೈತಿ. ಆದ್ರೂ ಅವರನ್ನ ಚರ್ಮದ ಡಾಕ್ಟರಗ ತೋರಸ್ರಿ. ಘಾಬರೂ ನಕಾ, ಹೆದರಬ್ಯಾಡ್ರಿ."

ನಾಯಿ ಕೊಟ್ಟ ಹೆಂಗಸು ಫೋನಿನಲ್ಲಿ ಕುರಿಗೆ ಹಾಕುವ ಸೂಜಿ ಹಾಕಿಸಿರಿ ಎಂದಿದ್ದಳು. ಅದನ್ನು ಕೇಳಿದೆ. ಡಾಕ್ಟರು ತಲೆ ಅಲ್ಲಾಡಿಸಿದರು. ಕುರಿಯ ಅಳತೆಯ ಔಷಧಿ ನಾಯಿಗೆ ಹಾಕಿದರೆ ಕೆಲವಕ್ಕೆ ತಲೆಗೇರಿ ಪ್ರಾಣಕ್ಕೇ ಬರುತ್ತದಂತೆ. ತೂಕ ನೋಡಿ ಮಾತ್ರೆ ಕೊಟ್ಟರು, ಕೀವಿಗೆ ಬೇರೆ ಗುಳಿಗೆ, ಮೀಯಿಸಲು ಔಷಧಿಯ ಶಾಂಪೂ. ಹಾಸಿಗೆ ಚೀಲಗಳನ್ನೆಲ್ಲ ಕುದಿಯುವ ನೀರಿಗೆ ಹಾಕಿ ಬಿಸಿಲಿಗೆ ಒಣಗಿಸಬೇಕು, ಹಳೆಯವನ್ನು ಸುಡುವುದೇ ಒಳ್ಳೆಯದು ಎಂದರು. ಮೊದಲ ಕೆಲವು ದಿನ ತುರಿಕೆ ಹೆಚ್ಚಾದಂತೆ ಕಾಣಬಹುದು, ಹೆದರಿ ಬಿಡಬಾರದು ಎಂದೂ ಹೇಳಿದರು.

ಮನೆಗೆ ಬಂದವಳೇ ಅಂಗಳದ ಗೋಣಿಚೀಲಗಳನ್ನು ಒಟ್ಟಿ ಬೆಂಕಿ ಕೊಟ್ಟೆ. ಎದುರುಮನೆಯ ಕಾಕಾ ಕಿಟಕಿಯಿಂದ ನೋಡುತ್ತಿದ್ದರು. ಅವರ ಬಾಗಿಲಿಗೇ ಹೋಗಿ ಇಂಥದ್ದು ರೋಗ, ಇಂಥದ್ದು ಔಷಧಿ, ಗುಣವಾಗುವ ತನಕ ಕುನ್ನಿ ಗೋದಾಮಿನ ಹಿಂದಿನ ಶೆಡ್ಡು ಬಿಟ್ಟು ಹೊರಗೆ ಬರುವುದಿಲ್ಲ ಎಂದು ಹೇಳಿ ಬಂದೆ. ಅತ್ತೆಯನ್ನು ಚರ್ಮದ ಡಾಕ್ಟರಿಗೆ ತೋರಿಸಿದೆ.

ಮಾತ್ರೆ ಹಿಡಿಯಿತು. ಸ್ವಲ್ಪ ಸ್ವಲ್ಪವಾಗಿ ಹೊಟ್ಟು ಕಳಚಿತು, ಕಿವಿಯ ಅಂಚಿನಲ್ಲಿ ಹೂವಿನ ರೋಮದಂಥ ಕೂದಲು ಹುಟ್ಟಿತು. ಅತ್ತೆಯ ಗುಳ್ಳೆಗಳೂ ಬತ್ತಿದವು. ಕಾಕಾ ಒಂದು ದಿನ ದಾರಿಯಲ್ಲಿ ನಿಂತು, "ಬರೋಬ್ಬರ ಮಾಡಿದಿ," ಎಂದು ಹೇಳಿ ಹೋದರು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ.

ಕೂದಲು ತುಂಬಿ ಬಂದ ಮೇಲೂ ಕುನ್ನಿ ಪಾದ ನೆಕ್ಕುವುದು ಬಿಡಲಿಲ್ಲ. ಬೆರಳ ಸಂದಿ ಕೆಂಪಾಗಿ ಒದ್ದೆಯಾಗಿರುತ್ತಿತ್ತು. ಕಿವಿಯ ಒಳಗೆ ಕಂದು ಜಿಡ್ಡು, ಹುಳಿ ವಾಸನೆ. ಮತ್ತೆ ಸ್ಕೂಟರ್, ಮತ್ತೆ ಮಿರಜ್. ಡಾಕ್ಟರು ಮತ್ತೆ ಚರ್ಮ ಕೆರೆದು ನೋಡಿದರು, ಹುಳು ಇಲ್ಲ. ಸಣ್ಣ ಹಣಿಗೆಯಿಂದ ಬೆನ್ನು ಬಾಚಿ, ಉದುರಿದ್ದನ್ನು ಒದ್ದೆಯ ಬಿಳಿ ಕಾಗದದ ಮೇಲೆ ಹಾಕಿ ಕಾದರು. ಚಿಗಟದ ಹಿಕ್ಕೆಯಾಗಿದ್ದರೆ ನೀರು ತಾಗಿ ಕೆಂಪಾಗುತ್ತದಂತೆ, ಕುಡಿದ ರಕ್ತ ಬಿಟ್ಟುಕೊಂಡು. ಕಾಗದ ಬಿಳಿಯಾಗಿಯೇ ಉಳಿಯಿತು.

"ಕಾಕೂ, ಇದಕ್ಕ ಊಟಾ ಏನ ಹಾಕ್ತೀರಿ?"

"ನಮ್ಮನ್ಯಾಗ ಏನಿರತೈತಿ ಅದ. ಚಪಾತಿ, ಹಾಲು, ಒಮ್ಮೊಮ್ಮಿ ಅನ್ನಾ ಮಸರು."

"ಬಂದಾಗಿಂದ?"

"ಬಂದಾಗಿಂದ."

ಅವರು ಕೈ ಒರೆಸಿಕೊಂಡು ಕೂತು ಹೇಳಿದರು. ಕೆಲವು ನಾಯಿಗಳಿಗೆ ತಿನ್ನುವ ಒಂದು ಪದಾರ್ಥ ಆಗಿಬರುವುದಿಲ್ಲ. ಅದು ಹೊಟ್ಟೆಯಲ್ಲಿ ಅಲ್ಲ, ಚರ್ಮದಲ್ಲಿ ಏಳುತ್ತದೆ. ಯಾವ ಪದಾರ್ಥ ಎಂದು ರಕ್ತ ತೆಗೆದು ನೋಡಿದರೆ ನಂಬುವಂಥ ಉತ್ತರ ಸಿಗುವುದಿಲ್ಲ. ಒಂದೇ ದಾರಿ. ಹುಟ್ಟಿದಾಗಿನಿಂದ ಅದು ತಿಂದೇ ಇರದ ಒಂದು ಆಹಾರವನ್ನು ಮಾತ್ರ ಎರಡು ತಿಂಗಳ ಹತ್ತಿರ ಹಾಕಬೇಕು. ಅದು ಬಿಟ್ಟು ಒಂದು ಚೂರೂ ಬಾಯಿಗೆ ಬೀಳಬಾರದು. ತುರಿಕೆ ನಿಂತರೆ ಹಳೆಯ ಪದಾರ್ಥಗಳನ್ನು ಒಂದೊಂದಾಗಿ ಹಾಕಿ ಕಳ್ಳನನ್ನು ಹಿಡಿಯಬೇಕು.

"ಅದು ತಿನ್ನದ ಇದ್ದದ್ದು ಏನ ಐತಿ?" ಎಂದು ಡಾಕ್ಟರು ಕೇಳಿದರು.

ಕುರುಬರ ಹೆಂಗಸಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಜೋಳದ ರೊಟ್ಟಿ, ಮಜ್ಜಿಗೆ, ಬೇಳೆ, ತತ್ತಿ, ಕುರಿಯ ಎಲುಬು, ಕೋಳಿ, ಎಲ್ಲ ತಿಂದಿದೆ ಎಂದಳು. ಮೀನು? "ನಾವ ತಿಂದಿಲ್ಲರಿ ಅಕ್ಕಾರ, ಅದಕ್ಕ ಎಲ್ಲಿಂದ ಹಾಕೂನು?" ಎಂದು ನಕ್ಕಳು.

"ಹಂಗಾರ ಮೀನು," ಅಂದರು ಡಾಕ್ಟರು, ನನ್ನ ಕೊರಳಿನ ಶಿವದಾರದ ಕಡೆ ಒಮ್ಮೆ ನೋಡಿ. "ಮೀನು, ಗೆಣಸು. ಕಾಕೂ, ಇದಕ್ಕಂತ ತಯಾರ ಆಹಾರಾನೂ ಬರತೈತಿ. ಆದ್ರ ಇಲ್ಲೆ ಕಾಯಂ ಸಿಗಂಗಿಲ್ಲ, ನಡುವ ತಪ್ಪಿತಂದ್ರ ಎಲ್ಲಾ ಪರತ ಸುರೂ. ವಿಚಾರ ಮಾಡ್ರಿ."

ದಾರಿಯುದ್ದಕ್ಕೂ ವಿಚಾರ ಮಾಡಿದೆ. ಹುಟ್ಟಿದಾಗಿನಿಂದ ನಾನು ತತ್ತಿ ಕೂಡ ಮುಟ್ಟಿದವಳಲ್ಲ. ಗುಟ್ಟಾಗಿ ಬೇರೆಯವರ ಮನೆಯಲ್ಲಿ ಬೇಯಿಸಿ ತರಬಹುದಿತ್ತು. ಆದರೆ ಅತ್ತೆಗೆ ಮುಚ್ಚಿಟ್ಟು ಅವರ ಅಂಗಳದಲ್ಲಿ ಮಾಡುವ ಕೆಲಸ ಎರಡು ತಿಂಗಳು ನಡೆಯುವುದಲ್ಲ. ನಡೆದರೂ ನನಗೆ ಬೇಡ. ಊಟವಾದ ಮೇಲೆ ಅವರ ಮುಂದೆ ಕೂತು ಎಲ್ಲವನ್ನೂ ಹೇಳಿದೆ.

ಅತ್ತೆ ಎಲೆಅಡಿಕೆ ಮಡಚುತ್ತಿದ್ದವರು ಕೈ ನಿಲ್ಲಿಸಿದರು. "ಮೀನು," ಅಂದರು.

"ಹೌದ್ರಿ ಅತ್ತಿ."

"ನೀ ಕುದಸಾಕಿ?"

"ನಾನ ಕುದಸತೇನ್ರಿ. ಗೋದಾಮಿನ ಹಿಂದ. ಮನಿಯಾಗ ತರಂಗಿಲ್ಲ."

ಬೇಡ ಎಂದೇ ಅನ್ನುತ್ತಾರೆ, ಅಂದರೆ ಏನು ಹೇಳಬೇಕು ಎಂದು ನಾನು ಒಳಗೊಳಗೇ ಮಾತು ಜೋಡಿಸುತ್ತಿದ್ದೆ. ಅವರು ಎಲೆಯನ್ನು ಬಾಯಿಗಿಟ್ಟುಕೊಂಡು ಅಗಿದು, ಆಮೇಲೆ ಹೇಳಿದರು: "ಒಲಿ ಬ್ಯಾರೆ, ಭಾಂಡೆ ಬ್ಯಾರೆ, ಉಟ್ಟ ಸೀರಿ ಬ್ಯಾರೆ. ಜಳಕಾ ಮಾಡಿ ಒಳಗ ಬಾ. ಶಿವಾ ನಮಗ ಒಂದ ಥರದ ಹೊಟ್ಟಿ ಕೊಟ್ಟಾನ, ಅದಕ್ಕ ಒಂದ ಥರದ ಹೊಟ್ಟಿ ಕೊಟ್ಟಾನ. ಅದೇನ ದೀಕ್ಷಾ ತುಗೊಂಡೈತೇನ?"

ಮರುದಿನ ಮೀನಿನ ಬಜಾರಕ್ಕೆ ಹೋದೆ. ಸೆರಗು ಮೂಗಿಗೆ ಒತ್ತಿಕೊಂಡು ನಿಂತ ನನ್ನನ್ನು ನೋಡಿ ಮಾರುವ ಹೆಂಗಸು, "ತಾಈ, ಪಹಿಲ್ಯಾಂದಾ?" ಎಂದು ಕೇಳಿದಳು. ಮೊದಲ ಸಲವೇ ಹೌದು, ನಾಯಿಗೆ ಬೇಕು, ಎಂದೆ. ಪಕ್ಕದವಳೂ ಸೇರಿ ನಕ್ಕರು. ನಗುತ್ತಲೇ ಮುಳ್ಳು ಕಡಿಮೆಯಿರುವ ಮೀನು ಆರಿಸಿ, ಹೊಟ್ಟೆ ಸೀಳಿ ತೊಳೆದು, ಎರಡು ಚೀಲದಲ್ಲಿ ಕಟ್ಟಿ ಕೊಟ್ಟಳು.

ಗೋದಾಮಿನ ಹಿಂದೆ ಮೂರು ಕಲ್ಲಿಟ್ಟು ಒಲೆ ಹೂಡಿದೆ. ನೀರು ಕುದಿದು ಮೊದಲ ವಾಸನೆ ಎದ್ದಾಗ ಗೋಡೆ ಹಿಡಿದುಕೊಂಡು ನಿಂತೆ. ಓಡಿಹೋಗಬೇಕೆನಿಸಿತು. ಕುನ್ನಿ ಶೆಡ್ಡಿನಿಂದ ಹಗ್ಗ ಜಗ್ಗುತ್ತಿತ್ತು, ಮೂಗು ಮೇಲೆತ್ತಿ, ಬಾಲ ಒಂದೇ ಸಮ ಆಡಿಸುತ್ತ. ಮತ್ತೆ ಒಲೆಯ ಮುಂದೆ ಕೂತೆ. ಆರಿದ ಮೇಲೆ ಮುಳ್ಳನ್ನು ಬೆರಳಿಂದಲೇ ಹುಡುಕಿ ತೆಗೆಯಬೇಕಿತ್ತು; ಮಾಡಿದೆ. ಗೆಣಸು ಕಲಸಿ, ಕುನ್ನಿಯ ಹಗ್ಗ ಬಿಚ್ಚಿ, ಮುಂದಿಟ್ಟೆ. ಅದು ತಾಟು ನೆಕ್ಕಿ ನೆಕ್ಕಿ ತಾಟನ್ನೇ ಹಿಂದಿನ ಗೋಡೆಯ ತನಕ ತಳ್ಳಿಕೊಂಡು ಹೋಯಿತು. ಜಳಕ ಮಾಡಿ ಒಳಗೆ ಬಂದರೂ ಕೈಯಲ್ಲಿ ವಾಸನೆ ಇದೆಯೆಂದು ನನಗೇ ಅನಿಸುತ್ತಿತ್ತು. ಅತ್ತೆ ನಿಂಬೆಹಣ್ಣಿನ ಸಿಪ್ಪೆ ಕೊಟ್ಟು, "ತಿಕ್ಕೋ," ಅಂದರು.

ಕೆಲವು ವಾರಗಳಲ್ಲಿ ಪಾದದ ಕೆಂಪು ಇಳಿಯಿತು. ಕಿವಿಯ ಜಿಡ್ಡು ಕಡಿಮೆಯಾಯಿತು. ನನಗೆ ಹೊಲಸು ಅನಿಸುವುದೂ ಕಡಿಮೆಯಾಯಿತು. ಅಷ್ಟರಲ್ಲಿ, ಕಾರಣವಿಲ್ಲದೆ, ಕುನ್ನಿ ಮತ್ತೆ ಪಾದ ನೆಕ್ಕತೊಡಗಿತು. ಹೊಟ್ಟೆ ಕೆರೆದು ಕೆರೆದು ಗೀರು ಮಾಡಿಕೊಂಡಿತು. ಹಮಾಲರನ್ನು ಕೇಳಿದೆ, ಯಾರೂ ಏನೂ ಹಾಕಿಲ್ಲ. ಅತ್ತೆಯನ್ನು ಕೇಳುವ ಧೈರ್ಯವಾಗಲಿಲ್ಲ. ಅವರೇ ಹೇಳಿದರು: "ನನ್ನ ಮಾರಿ ಏನ ನೋಡ್ತಿ? ನಿನ್ನ ಗಂಡನ್ನ ಚಹಾದ ಹೊತ್ತಿಗೆ ನೋಡಹೋಗು."

ಸಂಜೆ ಚಹಾದ ಹೊತ್ತಿಗೆ ಗೋದಾಮಿನ ಕಡೆ ಹೋದೆ. ನನ್ನ ಗಂಡ ಚೀಲದ ಮೇಲೆ ಕೂತಿದ್ದರು, ಕೈಯಲ್ಲಿ ಚಹಾದ ಕಪ್ಪು. ಬೇಕರಿಯ ಖಾರಿ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ಅರ್ಧ ತಾವು ತಿಂದು, ಮೆತ್ತಗಾದ ಅರ್ಧವನ್ನು ಕುನ್ನಿಯ ಬಾಯಿಗೆ ಇಡುತ್ತಿದ್ದರು. ಎಂಐಡಿಸಿಯಲ್ಲಿ ಬಿಟ್ಟು ಬರುತ್ತೇನೆ ಎಂದಿದ್ದ ಮನುಷ್ಯ.

"ಏನ್ರಿ ಇದು?"

ಅವರು ಬೆಚ್ಚಿದರು. "ಅರ್ಧಾ ಖಾರಿ ಅಷ್ಟ. ಅದು ಮಾರಿ ನೋಡತೈತಿ. ನನಗ ನುಂಗಾಕ ಆಗಂಗಿಲ್ಲ."

"ದಿನಾ?"

"ದಿನಾ ಅಂದ್ರ... ದಿನಾನ."

ಸಿಟ್ಟಿಗೆ ನನಗೆ ಅಳು ಬಂತು. ಆ ಒಲೆ, ಆ ಮುಳ್ಳು, ಆ ಜಳಕ, ಎಲ್ಲ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ಅವರ ಕೈಯ ಕಪ್ಪನ್ನು ತೆಗೆದು ಕೆಳಗಿಟ್ಟು ಹೇಳಿದೆ: "ನಾಳಿಗಿಂದ ಪರತ ಮೊದಲಿಂದ. ಅದು ನಿಮ್ಮ ಮಾರಿ ನೋಡ್ತಿದ್ರ ನೀವ ಒಳಗ ಬಂದ ಚಹಾ ಕುಡೀರಿ."

ಅವರು ಒಳಗೆ ಬಂದು ಕುಡಿಯಲಿಲ್ಲ. ಖಾರಿ ತಿನ್ನುವುದನ್ನೇ ಬಿಟ್ಟರು. ಅಷ್ಟೇ ಅಲ್ಲ, ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಒಲೆಗೆ ಕಟ್ಟಿಗೆ ಹೊಂದಿಸಿ, ಗೆಣಸು ತೊಳೆದಿಟ್ಟಿದ್ದರು. ಶೆಡ್ಡಿನ ಬಾಗಿಲಿಗೆ ಸುಣ್ಣದಲ್ಲಿ ಮರಾಠಿ, ಕನ್ನಡ ಎರಡರಲ್ಲೂ ದೊಡ್ಡದಾಗಿ ಬರೆದಿದ್ದರು: ನಾಯಿಗೆ ಏನೂ ಹಾಕಬೇಡಿರಿ. ಎಲ್ಲರಿಗಿಂತ ಮೊದಲು ಅವರಿಗೇ ಬೇಕಾಗಿದ್ದ ಬರಹ ಅದು.

ಎರಡನೆಯ ಸಲ ಯಾರೂ ತಪ್ಪಲಿಲ್ಲ. ನಾನು ಅಥಣಿಗೆ ಒಂದು ಮದುವೆಗೆ ಹೋಗಬೇಕಾದಾಗ ನನ್ನ ಗಂಡನೇ ಮೂಗಿಗೆ ಟವೆಲ್ ಕಟ್ಟಿಕೊಂಡು ಮೀನು ಕುದಿಸಿದರು. ಅವಧಿ ಮುಗಿಯುವ ಹೊತ್ತಿಗೆ ಕುನ್ನಿ ತುರಿಕೆಯನ್ನು ಮರೆತೇ ಬಿಟ್ಟಿತ್ತು. ಮಧ್ಯಾಹ್ನ ಅಂಗಳದಲ್ಲಿ ಕಾಲು ಚಾಚಿ ಮಲಗಿದರೆ ಟೆಂಪೋ ಬಂದು ನಿಂತರೂ ಏಳುತ್ತಿರಲಿಲ್ಲ. ಅಷ್ಟು ನಿದ್ದೆಯ ಸಾಲ ಇತ್ತು ಅದಕ್ಕೆ.

ಆದರೆ ಡಾಕ್ಟರು ಅಲ್ಲಿಗೆ ಬಿಡಲಿಲ್ಲ. ಈಗ ಒಂದೊಂದೇ ಹಾಕಿ ನೋಡಿರಿ ಅಂದರು. ಗುಣವಾದ ಮೈಗೆ ಗೊತ್ತಿದ್ದೂ ಮತ್ತೆ ತುರಿಕೆ ತರಿಸುವುದೇ ಈ ಕೆಲಸದಲ್ಲೆಲ್ಲ ನನಗೆ ಹೆಚ್ಚು ಕಷ್ಟವಾದದ್ದು. ಮೊದಲು ಜೋಳದ ರೊಟ್ಟಿ. ಏನೂ ಆಗಲಿಲ್ಲ. ಚಪಾತಿ. ಆಗಲಿಲ್ಲ. ಬೇಳೆ, ತತ್ತಿ, ಎರಡೂ ಸರಿಹೋದವು. ಕೊನೆಗೆ ಒಂದು ಬಟ್ಟಲು ಹಾಲು. ಕುನ್ನಿ ಕಣ್ಣು ಮುಚ್ಚಿ ಕುಡಿಯಿತು. ಆ ವಾರ ಮುಗಿಯುವುದರೊಳಗೆ ಪಾದ ಕೆಂಪು, ಕಿವಿ ಬಿಸಿ, ಕೂತಲ್ಲಿ ನಿಂತಲ್ಲಿ ಕೆರೆತ. ಖಾರಿ ಅದ್ದಿದ ಚಹಾದಲ್ಲಿ, ಮಸರನ್ನದಲ್ಲಿ ಅಡಗಿದ್ದ ಕಳ್ಳ ಅದೇ.

ಅತ್ತೆ ನಂಬಲಿಲ್ಲ. "ಹಾಲು ಯಾರಿಗೆ ಕೆಟ್ಟದ್ದು ಮಾಡೀತು? ತಾಯಿ ಹಾಲ ಕುಡದ ಬೆಳದಿಲ್ಲೇನ ಅದು?" ಎಂದು ನನ್ನ ಜೊತೆ ವಾದಿಸಿದರು. ಹಾಲು ನಿಲ್ಲಿಸಿ, ಮೈ ತಿಳಿಯಾದ ಮೇಲೆ ಅವರ ಕಣ್ಣೆದುರೇ ಇನ್ನೊಮ್ಮೆ ಹಾಕಿ ತೋರಿಸಬೇಕಾಯಿತು. ಅದರ ಪಾದವನ್ನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಹೊಸ್ತಿಲ ಹೊರಗೆ ಕುಕ್ಕುರುಗಾಲಲ್ಲಿ ಕೂತು, ಮೊದಲ ಸಲ ಅದರ ತಲೆಯ ಮೇಲೆ ಕೈ ಇಟ್ಟು, "ನಿನ್ನ ನಸೀಬದಾಗ ಹಾಲ ಇಲ್ಲ ನೋಡ ಮಗಳ," ಅಂದರು.

ಈಗ ಕುನ್ನಿಗೆ ಜೋಳದ ರೊಟ್ಟಿ, ಬೇಳೆ, ಗೋದಾಮಿನ ಹಿಂದಿನ ಒಲೆಯಲ್ಲಿ ಬೇಯಿಸಿದ ತತ್ತಿ. ತಿಂಗಳಿಗೊಮ್ಮೆ ಕಜ್ಜಿಹುಳುವಿನ ಮಾತ್ರೆ ತಪ್ಪಿಸುವುದಿಲ್ಲ. ಮಳೆಗಾಲದಲ್ಲಿ ಹುಲ್ಲಿನ ಮೇಲೆ ಓಡಿ ಬಂದರೆ ಪಾದ ಸ್ವಲ್ಪ ಕೆಂಪಾಗುತ್ತದೆ, ಒರೆಸಿ ಒಣಗಿಸುತ್ತೇನೆ. ಇದು ಪೂರ್ತಿ ಹೋಗುವುದಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳುವುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇಟ್ಟುಕೊಂಡಿದ್ದೇನೆ.

ಮೊನ್ನೆ ಬುಧಗಾಂವದಿಂದ ಒಬ್ಬರು ಅರಿಷಿಣ ತೂಗಿಸಲು ಬಂದಿದ್ದರು. ಕುನ್ನಿಯ ಮೈಯನ್ನು ನೋಡುತ್ತ ನಿಂತು, ತಮ್ಮ ನಾಯಿಯದು ಕೂದಲೆಲ್ಲ ಹೋಗಿ ಕಲ್ಲಿನಂತಾಗಿದೆ ಎಂದರು. "ನೀವ ಏನ ಹಚ್ಚಿದ್ರಿ ಅಕ್ಕಾರ? ಅದರ ಹೆಸರಷ್ಟ ಹೇಳ್ರಿ, ನಾನೂ ಹಚ್ಚತೇನಿ."

"ಹಚ್ಚೂದ ಏನೂ ಇಲ್ಲರಿ," ಅಂದೆ. "ನಮ್ಮ ನಾಯಿದು ಬ್ಯಾರೆ ಇರತೈತಿ, ನಿಮ್ಮ ನಾಯಿದು ಬ್ಯಾರೆ ಇರತೈತಿ. ಮೊದಲ ಏನ ಆಗೇತಿ ಅಂತ ನೋಡಸ್ಬೇಕು."

ಅವರು ಅನುಮಾನದಿಂದ ನನ್ನ ಗಂಡನ ಕಡೆ ನೋಡಿದರು. ಗಂಡಸಿನಿಂದ ಯಾವುದಾದರೂ ಎಣ್ಣೆಯ ಹೆಸರು ಬಂದೀತೆಂಬ ಆಸೆ ಇತ್ತೋ ಏನೋ. ನನ್ನ ಗಂಡ ತಕ್ಕಡಿಯಿಂದ ಕಣ್ಣು ತೆಗೆಯದೆ, "ಆಕಿ ಹೇಳಿದಂಗ ಮಾಡ್ರಿ," ಅಂದರು.

"ನಾಳಿಗೆ ನಾಯಿನ್ನ ತುಗೊಂಡ ಬರ್ರಿ," ಎಂದೆ ನಾನು. "ಮುಂಜಾನೆ ಲಗೂ ಬರ್ರಿ. ಮಿರಜಿಗೆ ನಾನೂ ಬರ್ತೇನಿ."

ಬಂದರು, ಬೈಕಿನ ಹಿಂದೆ ಮಗಳನ್ನು ಕೂರಿಸಿಕೊಂಡು, ಮಗಳ ತೊಡೆಯ ಮೇಲೆ ಹಳೆಯ ಕಂಬಳಿಯಲ್ಲಿ ಸುತ್ತಿದ ನಾಯಿ. ನಾನು ಸ್ಕೂಟರ್ ತೆಗೆದು ಮುಂದೆ ಹೊರಟೆ. ಅವರು ಹಿಂದೆ ಬಂದರು.